ನೋ ಪ್ರಾಬ್ಲಂ, ಮೇಡಂ

ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಬಸವಂತರಾಯನ ಲಾಡ್ಜು. ಅಲ್ಲಿನ ಕೆಲಸಗಾರರಿಗೆ ಇಂಗ್ಲಿಷ್ ಕಲಿಸಲು ಅನುರಾಧಾ ವಾರಕ್ಕೆರಡು ಸಲ ಆಳಂದದಿಂದ ಬರುತ್ತಿದ್ದಳು. ಶಾಲೆಯ ಇಂಗ್ಲಿಷ್ ಅಲ್ಲ, ಹೋಟೆಲಿಗೆ ಬೇಕಾದಷ್ಟೇ ಇಂಗ್ಲಿಷ್. ಗಿರಾಕಿ ಬಾಗಿಲಿಗೆ ಬಂದರೆ ಏನನ್ನಬೇಕು, ಕೋಣೆಯ ಬೀಗದಕೈ ಕೊಡುವಾಗ ಏನನ್ನಬೇಕು, ಬಿಸಿನೀರು ಬರುತ್ತಿಲ್ಲ ಎಂದು ಸಿಟ್ಟಿಗೆದ್ದವರಿಗೆ ಏನನ್ನಬೇಕು, ಅಷ್ಟು. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಟೇಬಲ್ ಒರೆಸಿ, ಕುರ್ಚಿಗಳನ್ನು ಒಂದು ಕಡೆ ಎಳೆದುಕೊಂಡು ಪಾಠ ಶುರುವಾಗುತ್ತಿತ್ತು.

ಗಾಣಗಾಪುರಕ್ಕೆ ಹೋಗುವ ಮಹಾರಾಷ್ಟ್ರದ ಯಾತ್ರಿಕರು, ಭೀಮಾ ಹೊಳೆಗೆ ಕಟ್ಟಿದ ಸೊನ್ನದ ಬ್ಯಾರೇಜಿನ ಕೆಲಸಕ್ಕೆ ಬರುವ ಎಂಜಿನಿಯರುಗಳು ಇತ್ತೀಚೆಗೆ ಹೆಚ್ಚಾಗಿದ್ದರು. ಬಸವಂತರಾಯ ಮೇಲಿನ ಮಹಡಿಗೆ ಎ.ಸಿ. ಹಾಕಿಸಿದ್ದ, ಊಟದ ಹಾಲಿಗೆ ಗಾಜಿನ ಬಾಗಿಲು ಕೂಡಿಸಿದ್ದ. ಇನ್ನು ಉಳಿದದ್ದು ಕೆಲಸದವರ ಬಾಯಿ ಎಂದು ತರಬೇತಿ ಸಂಸ್ಥೆಯೊಂದಕ್ಕೆ ಹೇಳಿ ಅನುರಾಧಾಳನ್ನು ಕರೆಸಿಕೊಂಡಿದ್ದ.

ಕಲಿಯುವವರಲ್ಲಿ ಎಲ್ಲರಿಗಿಂತ ದೊಡ್ಡವಳು ರುಕ್ಮಿಣಿಬಾಯಿ. ವಯಸ್ಸು ನಲವತ್ತರ ಮೇಲೆ. ಜೇವರ್ಗಿಯವಳು. ಗಂಡ ತೀರಿಕೊಂಡ ಮೇಲೆ ಪಾತ್ರೆ ತಿಕ್ಕಲು ಈ ಲಾಡ್ಜಿಗೆ ಬಂದವಳು. ಮೊದಮೊದಲು ಪಾಠದ ಹೊತ್ತಿಗೆ ನೆಲ ಒರೆಸುವ ನೆವದಲ್ಲಿ ಅಲ್ಲೇ ಸುಳಿದಾಡುತ್ತಿದ್ದಳು. ಒಂದು ದಿನ ಕೋಣೆಗಳನ್ನು ನೋಡಿಕೊಳ್ಳುವ ಸಂತೋಷಕುಮಾರ ಉತ್ತರ ತಡವರಿಸಿದಾಗ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡೇ ಪೂರ್ತಿ ವಾಕ್ಯ ಹೇಳಿಬಿಟ್ಟಳು. ಅನುರಾಧಾ ಅವಳಿಗೊಂದು ಕುರ್ಚಿ ಹಾಕಿಸಿದಳು. ಎರಡು ತಿಂಗಳು ಕಳೆಯುವುದರೊಳಗೆ ಬಸವಂತರಾಯನೇ ಅವಳಿಗೆ ಕೆನೆಬಣ್ಣದ ಸಮವಸ್ತ್ರದ ಸೀರೆ ಕೊಟ್ಟು, ಪಾತ್ರೆ ತಿಕ್ಕುವ ಬಚ್ಚಲಿನಿಂದ ಊಟದ ಹಾಲಿಗೆ ಕರೆತಂದ. ಆ ದಿನ ರುಕ್ಮಿಣಿಬಾಯಿ ಜೇವರ್ಗಿಯ ಅಕ್ಕನಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ, "ಗುಡ್ ಆಫ್ಟರ್‌ನೂನ್, ಹೌ ಮೇ ಐ ಹೆಲ್ಪ್ ಯೂ" ಎಂದು ನಕ್ಕಿದ್ದಳು.

ಒಂದು ಪಾಠದಲ್ಲಿ ಅವಳು ಕೈ ಎತ್ತಿದಳು.

"ಅಕ್ಕೋರೆ, ಅವ್ರು ಮಾತಾಡಿದ್ದು ನಮಗ ತಿಳೀಲಿಲ್ಲಂದ್ರ ಏನನ್ಬೇಕ್ರಿ?"

ಒಳ್ಳೆಯ ಪ್ರಶ್ನೆ. ಅನುರಾಧಾ ಬೋರ್ಡಿನತ್ತ ತಿರುಗಿ 'ಸಾರಿ, ಐ ಡಿಡ್ ನಾಟ್' ಎಂಬಷ್ಟು ಬರೆದಿದ್ದಳು. ಗಲ್ಲಾದಿಂದ ಬಸವಂತರಾಯನ ದನಿ ಬಂತು.

"ಅದೊಂದು ಬ್ಯಾಡ್ರಿ ಟೀಚರ್. ತಿಳೀಲಿಲ್ಲ, ಗೊತ್ತಿಲ್ಲ, ಇಲ್ಲ. ಈ ಮಾತು ನಮ್ಮ ಲಾಡ್ಜಿನ್ಯಾಗ ಯಾರ ಬಾಯಾಗೂ ಬರಬಾರದು. ದೊಡ್ಡ ದೊಡ್ಡ ಹೋಟೆಲ್ ನೋಡೇನಿ ನಾ. ಯಾರೂ ಇಲ್ಲ ಅನ್ನಂಗಿಲ್ಲ. ನಗಬೇಕು, ನೋ ಪ್ರಾಬ್ಲಂ ಅನಬೇಕು, ಆಮ್ಯಾಲ ಬಂದು ನನ್ನ ಕೇಳಬೇಕು."

"ತಿಳೀದ ಹೌದು ಅಂದ್ರ ತಪ್ಪಾಗ್ತದಲ್ರಿ," ಅಂದಳು ಅನುರಾಧಾ.

"ನಾ ಕುಂತೇನಲ್ರಿ ಇಲ್ಲಿ, ಗಲ್ಲಾದ ಮ್ಯಾಗ. ಯಾಕ ಫಿಕರ್ ಮಾಡ್ತೀರಿ?"

ಕೆಲಸದವರೆಲ್ಲ ಅವಳ ಮುಖ ನೋಡುತ್ತಿದ್ದರು. ಮಾಲೀಕರು ಹೇಳಿದ್ದನ್ನು ಕಲಿಸಿ ಎಂದು ಸಂಸ್ಥೆಯವರು ಮೊದಲೇ ಹೇಳಿ ಕಳಿಸಿದ್ದರು. ಅನುರಾಧಾ ಬರೆದದ್ದನ್ನು ಒರೆಸಿದಳು. 'ನೋ ಪ್ರಾಬ್ಲಂ, ಮೇಡಂ' ಎಂಬುದನ್ನು ಹೇಳಿಸಿದಳು. ಎಲ್ಲರೂ ಒಟ್ಟಿಗೆ ಹೇಳಿದರು. ರುಕ್ಮಿಣಿಬಾಯಿಯ ಉಚ್ಚಾರ ಎಲ್ಲರಿಗಿಂತ ಚೆನ್ನಾಗಿತ್ತು.

ಕ್ಲಾರಾ ಬಂದದ್ದು ಅದಾದ ಮೇಲೆ. ಬೆಲ್ಜಿಯಂ ದೇಶದ ಎಂಜಿನಿಯರು. ಐವತ್ತರ ಹತ್ತಿರದ ಎತ್ತರದ ಹೆಂಗಸು. ಬ್ಯಾರೇಜಿನ ಗೇಟುಗಳನ್ನು ನೋಡಲು ಅಜಯಕುಮಾರ ಎಂಬ ಎಂಜಿನಿಯರಿನ ತಂಡದ ಜೊತೆ ಬಂದಿದ್ದಳು. ಬೆಳಿಗ್ಗೆ ಬ್ರೆಡ್ಡು, ಆಮ್ಲೆಟ್ಟು, ಸಂಜೆ ಅನ್ನ, ಬೇಳೆ. ಬೇರೇನೂ ಮುಟ್ಟುತ್ತಿರಲಿಲ್ಲ. ರುಕ್ಮಿಣಿಬಾಯಿ ಚಹಾ ಇಟ್ಟಾಗಲೆಲ್ಲ ಕ್ಲಾರಾ ಅವಳ ಹೆಸರು ಹಿಡಿದು ಕರೆಯುತ್ತಿದ್ದಳು, ಹೊಳೆಯಲ್ಲಿ ಇವತ್ತು ನೀರು ಎಷ್ಟಿತ್ತು ಎಂದು ಕೈಯಿಂದ ತೋರಿಸುತ್ತಿದ್ದಳು. ರುಕ್ಮಿಣಿಬಾಯಿ ತನಗೆ ಗೊತ್ತಿದ್ದ ವಾಕ್ಯಗಳನ್ನೆಲ್ಲ ಒಂದೊಂದಾಗಿ ಅವಳ ಮೇಲೆ ಖರ್ಚು ಮಾಡುತ್ತಿದ್ದಳು.

ಆ ಮಧ್ಯಾಹ್ನ ಬಸ್ಸು ದಾರಿಯ ನಿಂಬರ್ಗಾದಲ್ಲಿ ಹೆಚ್ಚು ನಿಲ್ಲದೆ ಬಂದಿದ್ದರಿಂದ ಅನುರಾಧಾ ಬೇಗ ಬಂದಳು. ಹಾಲಿನಲ್ಲಿ ಕ್ಲಾರಾ ಒಬ್ಬಳೇ ಕಿಟಕಿ ಪಕ್ಕ ಕೂತಿದ್ದಳು. ಬಿಸಿಲಿಗೆ ತಲೆನೋವು ಬಂದು ತಂಡದವರಿಗಿಂತ ಮೊದಲೇ ಮರಳಿ, ಸ್ನಾನ ಮಾಡಿ, ಬರೀ ಕೋಣೆಯ ಬೀಗದಕೈ ಹಿಡಿದು ಊಟಕ್ಕೆ ಇಳಿದು ಬಂದಿದ್ದಳು. ಗಲ್ಲಾ ಖಾಲಿ ಇತ್ತು. ಬಸವಂತರಾಯ ಜೀಪು ಲಾಡ್ಜಿನ ಮುಂದೆಯೇ ಬಿಟ್ಟು ಬ್ಯಾಂಕಿಗೆ ನಡೆದು ಹೋಗಿದ್ದ.

ದಿನಾ ಅನ್ನ ಬೇಳೆ ಉಣ್ಣುವ ಹೊರದೇಶದ ಹೆಣ್ಣುಮಗಳನ್ನು ನೋಡಿ ಅಡುಗೆಯ ಕಾಶಿಬಾಯಿಗೆ ಕನಿಕರ ಬಂದಿತ್ತು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕಳಿಸಿದ್ದಳು. ರುಕ್ಮಿಣಿಬಾಯಿ ತಟ್ಟೆ ಇಟ್ಟಳು. ಕ್ಲಾರಾ ಎಣ್ಣೆಗಾಯಿಯನ್ನು ಬೆರಳಿಂದ ತೋರಿಸಿ ಏನೋ ಕೇಳಿದಳು. ಮತ್ತೊಮ್ಮೆ ಕೇಳಿದಳು. ಬಾಗಿಲ ಹತ್ತಿರ ಚೀಲ ಇಳಿಸುತ್ತಿದ್ದ ಅನುರಾಧಾಳಿಗೆ ಫ್ಯಾನಿನ ಸದ್ದಿನಲ್ಲಿ ಪ್ರಶ್ನೆ ಕೇಳಿಸಲಿಲ್ಲ. ಉತ್ತರ ಮಾತ್ರ ಕೇಳಿಸಿತು.

"ನೋ ಪ್ರಾಬ್ಲಂ, ಮೇಡಂ."

ಎಷ್ಟು ಸಲೀಸಾಗಿ ಬಂತು ಎಂದು ಅನುರಾಧಾಳಿಗೆ ಖುಷಿಯಾಯಿತು.

ಅವಳು ಬೋರ್ಡು ಹೊರಗೆ ತಂದು ಗೋಡೆಗೆ ಆನಿಸುವಷ್ಟರಲ್ಲಿ ಹಿಂದೆ ಸ್ಟೀಲ್ ಲೋಟ ಉರುಳಿದ ಸದ್ದಾಯಿತು. ಕ್ಲಾರಾ ಎರಡೂ ಕೈ ಟೇಬಲ್ಲಿಗೆ ಊರಿ ಎದ್ದು ನಿಂತಿದ್ದಳು. ಕುತ್ತಿಗೆಯ ಮೇಲೆ ಕೆಂಪು ದದ್ದುಗಳು ಎದ್ದಿದ್ದವು. ತುಟಿ ಬಾತಿತ್ತು. ಉಸಿರು ಎಳೆದುಕೊಂಡಾಗ ಎಲ್ಲೋ ಸಣ್ಣ ಸೀಟಿ ಊದಿದಂತೆ ಕೇಳುತ್ತಿತ್ತು.

"ಪೆನ್," ಅಂದಳು ಕ್ಲಾರಾ. "ಪೆನ್. ಮೈ ಪೆನ್."

ಪೆನ್ ಎಂಬುದು ರುಕ್ಮಿಣಿಬಾಯಿಗೆ ಗೊತ್ತಿದ್ದ ಮಾತು. ಬಿಲ್ಲಿಗೆ ಸಹಿ ಹಾಕುವಾಗ ಗಿರಾಕಿಗಳು ಕೇಳುತ್ತಿದ್ದರು. ಓಡಿ ಹೋಗಿ ಗಲ್ಲಾದ ಮೇಲಿದ್ದ ಪೆನ್ನು ತಂದು, ಕಲಿಸಿದ್ದಂತೆ ಎರಡೂ ಕೈಯಿಂದ ಮುಂದೆ ಹಿಡಿದಳು. ಕ್ಲಾರಾ ತಲೆ ಅಲ್ಲಾಡಿಸಿ ಅದನ್ನು ತಳ್ಳಿದಳು. ಮೇಲೆ ಬೆರಳು ಮಾಡಿದಳು. ಮಾತು ಹೊರಡಲಿಲ್ಲ.

"ಮಾತು ಬರವಲ್ದು, ಬರದು ಹೇಳ್ತಾರೇನೋ," ಎಂದು ಅನುರಾಧಾ ತನ್ನ ನೋಟ್‌ಬುಕ್ಕಿನ ಹಾಳೆ ಹರಿದು ಮುಂದಿಟ್ಟಳು. ಕ್ಲಾರಾ ಯಾವ ಪೆನ್ನು ಕೇಳುತ್ತಿದ್ದಾಳೆಂದು ಅವಳಿಗೂ ತಿಳಿದಿರಲಿಲ್ಲ.

ಒಳಗಿಂದ ಕಾಶಿಬಾಯಿ ಹಿಟ್ಟಿನ ಕೈಯಲ್ಲೇ ಬಂದಳು. "ಠಸಕಿ ಹತ್ತೇದ ಬೇ, ನೀರು ಕುಡಸ್ರಿ, ಬೆನ್ನು ಗುದ್ದ್ರಿ!"

ರುಕ್ಮಿಣಿಬಾಯಿ ನೀರು ಹಿಡಿದಳು. ಗಂಟಲಿಗೆ ಇಳಿಯಲಿಲ್ಲ, ಕೆನ್ನೆಗುಂಟ ಹರಿಯಿತು. ಕ್ಲಾರಾ ಕುಸಿದು ಕುರ್ಚಿಗೆ ಬಿದ್ದು, ಆ ಬಿಲ್ಲಿನ ಪೆನ್ನನ್ನೇ ಎತ್ತಿಕೊಂಡು ಹಾಳೆಯ ಮೇಲೆ ಗೀಚಿದಳು. ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು. ಬ್ಯಾಗ್. ಹಳದಿ. ಇಂಜೆಕ್ಷನ್.

"ಸಂತೋಷ! ಮ್ಯಾಲ ಓಡು! ಮೇಡಂ ಅವರ ಬ್ಯಾಗಿನ್ಯಾಗ ಹಳದಿದೊಂದು ಏನೋ ಅದ, ಇಂಜೆಕ್ಷನ್, ಜಲ್ದಿ!" ಎಂದು ಅನುರಾಧಾ ಕೂಗಿದಳು.

ಸದ್ದು ಕೇಳಿ ಬಂದಿದ್ದ ಸಂತೋಷಕುಮಾರ ಬೀಗದಕೈ ಕಿತ್ತುಕೊಂಡು ಮೆಟ್ಟಿಲು ಹಾರಿದ. ಅವನು ಇಳಿದು ಬರುವತನಕ ಅನುರಾಧಾಳಿಗೆ ಆ ಸೀಟಿಯ ಉಸಿರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಅದು ನಿಂತರೆ ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಸಂತೋಷ ತಂದದ್ದು ಲ್ಯಾಪ್‌ಟಾಪಿನ ಬ್ಯಾಗು. ಮೇಜಿನ ಮೇಲೆ ಬೋರಲು ಹಾಕಿದರು. ವೈರು, ಕನ್ನಡಕ, ಕಾಗದ. ಹಳದಿ ಯಾವುದೂ ಇಲ್ಲ.

"ಮತ್ತೊಂದು ಬ್ಯಾಗ್ ಅದ ಏನು?"

"ಎರಡು ಅದಾವ್ರಿ!"

"ಎಲ್ಲಾ ತಗೊಂಡು ಬಾರಲೇ!" ಎಂದು ಕಾಶಿಬಾಯಿ ಕೂಗಿದಳು.

ಕ್ಲಾರಾಳ ಕಣ್ಣು ತೇಲುತ್ತಿದ್ದವು. ರುಕ್ಮಿಣಿಬಾಯಿ ಅವಳನ್ನು ನೆಲಕ್ಕೆ ಇಳಿಸಿ, ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, "ಮೇಡಂ, ಮೇಡಂ, ಕಣ್ಣು ತೆಗೀರಿ ನಮ್ಮವ್ವ" ಎನ್ನುತ್ತಿದ್ದಳು. ಕಲಿತ ಇಂಗ್ಲಿಷೆಲ್ಲ ಅವಳ ಬಾಯಿಂದ ಹೋಗಿಬಿಟ್ಟಿತ್ತು.

ಸಂತೋಷ ಎರಡೂ ಬ್ಯಾಗು ತಂದು ಸುರಿದ. ಕೆಸರು ಹತ್ತಿದ ಬೂಟಿನ ಕೆಳಗಿಂದ ಹಳದಿ ಕೊಳವೆಯೊಂದು ಉರುಳಿತು. ಮುಚ್ಚಳ ತೆಗೆದರೆ ದಪ್ಪ ಪೆನ್ನಿನಂಥದ್ದು. ಒಂದು ತುದಿ ನೀಲಿ, ಇನ್ನೊಂದು ಕಿತ್ತಳೆ. ಮೈತುಂಬ ಸಣ್ಣ ಇಂಗ್ಲಿಷ್ ಅಕ್ಷರ. ಆಗ ಅನುರಾಧಾಳಿಗೆ ಪೆನ್ ಅಂದರೆ ಏನೆಂದು ಹೊಳೆಯಿತು.

ಅವಳು ಓದತೊಡಗಿದಳು. ಅಕ್ಷರಗಳು ಕಣ್ಣ ಮುಂದೆ ಕುಣಿದವು. ಎಂ.ಎ. ಓದುವಾಗ ದಪ್ಪ ದಪ್ಪ ಪುಸ್ತಕ ಓದಿದವಳಿಗೆ ಮೂರು ಸಾಲು ಓದಲಾಗಲಿಲ್ಲ. ಮತ್ತೆ ಮೊದಲಿಂದ ಓದಿದಳು.

"ನೀಲಿ ತುದಿ ಎಳೀಬೇಕು. ಕಿತ್ತಳೆ ತುದಿ ತೊಡಿ ಮ್ಯಾಲ, ಹೊರಗಿನ ಕಡೆ. ಬಟ್ಟಿ ಮ್ಯಾಲಿಂದನ ನಡೀತದ. ಸಂತೋಷ, ನೀ ಜೀಪು ತೆಗಿ. ರುಕ್ಮಿಣಿಬಾಯಿ, ನನ್ನ ಕೈ ನಡಗಾಕತ್ತದ್ರಿ..."

"ಇತ್ತ ಕೊಡ್ರಿ ಅಕ್ಕೋರೆ. ನೀವು ಓದ್ರಿ, ನಾ ಹಿಡೀತೇನಿ."

ಕಾಶಿಬಾಯಿ ಕ್ಲಾರಾಳ ಮೊಣಕಾಲು ಒತ್ತಿ ಹಿಡಿದಳು. ರುಕ್ಮಿಣಿಬಾಯಿ ನೀಲಿ ತುದಿ ಕಿತ್ತಳು, ಕಿತ್ತಳೆ ತುದಿಯನ್ನು ತೊಡೆಗೆ ಇಟ್ಟಳು.

"ಜೋರಾಗಿ ಒತ್ತ್ರಿ. ಟಿಕ್ ಅನಬೇಕು."

"ನೋವಾಗ್ತದಲ್ರಿ!"

"ಒತ್ತ್ರಿ!"

ಟಿಕ್ ಅಂದಿತು. ಕ್ಲಾರಾಳ ಮೈ ಒಮ್ಮೆ ಜಿಗಿಯಿತು. ಅನುರಾಧಾ ಬರೆದದ್ದನ್ನು ನೋಡುತ್ತಲೇ, "ತೆಗೀಬ್ಯಾಡ್ರಿ, ಇನ್ನಾ ಹಿಡೀರಿ, ಹಿಡೀರಿ... ಈಗ ತೆಗೀರಿ" ಅಂದಳು.

ಹೊರಗೆ ಜೀಪು ಗುರುಗುಟ್ಟುತ್ತಿತ್ತು. ಸೀಟಿಯ ಸದ್ದು ಹಾಗೇ ಇತ್ತು, ಹಾಗೇ ಇತ್ತು, ಆಮೇಲೆ ಸ್ವಲ್ಪ ಸಡಿಲಾಯಿತು. ಕ್ಲಾರಾ ಒಂದು ಉದ್ದ ಉಸಿರು ಎಳೆದುಕೊಂಡು ರುಕ್ಮಿಣಿಬಾಯಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

ತಾಲೂಕು ದವಾಖಾನೆಯ ಡಾಕ್ಟರು ಸಲೈನು ಹಚ್ಚುತ್ತಲೇ ಕೇಳಿದ. "ಏನು ತಿಂದಿದ್ರು?"

"ರೊಟ್ಟಿ, ಎಣ್ಣಿಗಾಯಿ ರಿ," ಅಂದಳು ರುಕ್ಮಿಣಿಬಾಯಿ.

"ಶೇಂಗಾ ಹಾಕಿದ್ರೇನು?"

"ಶೇಂಗಾ ಇಲ್ದ ಎಣ್ಣಿಗಾಯಿ ಹ್ಯಾಂಗ ಆಗ್ತದ್ರಿ?"

ಡಾಕ್ಟರು ಅನುರಾಧಾಳತ್ತ ತಿರುಗಿದ. "ಪೀನಟ್ ಅಲರ್ಜಿ ಇದು. ಕೆಲವು ಮಂದಿಗೆ ಒಂದು ಕಾಳು ಸಾಕು, ಜೀವ ಹೋಗ್ತದ. ಇಂಜೆಕ್ಷನ್ ಕೊಟ್ಟಿದ್ದು ಬರೋಬ್ಬರಿ ಆಯ್ತು. ಆದ್ರ ಮತ್ತ ಉಬ್ಬಸ ಮರಳಬಹುದು. ಕಲಬುರಗಿಗೆ ಕಳಸ್ತೇನಿ."

ರುಕ್ಮಿಣಿಬಾಯಿ ಡಾಕ್ಟರ ಬಾಯಿಯನ್ನೇ ನೋಡುತ್ತಿದ್ದಳು.

"ಏನಂದ್ರಿ? ಪೀ..."

"ಪೀನಟ್. ಶೇಂಗಾ."

"ಅದನ್ನ ಕೇಳಿದ್ಳು ಆಕಿ," ಅಂದಳು ರುಕ್ಮಿಣಿಬಾಯಿ. "ಎಣ್ಣಿಗಾಯಿ ತೋರ್ಸಿ ಎರಡು ಸಲ ಅದನ್ನ ಕೇಳಿದ್ಳು. ನಂಗ ತಿಳೀಲಿಲ್ಲ. ಸಾವಕಾರ್ರು ಗಲ್ಲಾದ ಮ್ಯಾಲ ಇರ್ಲಿಲ್ಲ. ನಾ..." ಮುಂದೆ ಹೇಳದೆ ಗೋಡೆಗುಂಟ ಜಾರಿ ನೆಲಕ್ಕೆ ಕೂತಳು.

ಅನುರಾಧಾ ಅವಳ ಪಕ್ಕ ಕೂರಬೇಕಿತ್ತು. ಆದರೆ ಆಂಬುಲೆನ್ಸು ಬಂದಿತ್ತು, ಕ್ಲಾರಾಳ ಜೊತೆ ಮಾತಾಡಬಲ್ಲವರು ಬೇರೆ ಯಾರೂ ಇರಲಿಲ್ಲ. ಅವಳು ಹತ್ತಿದಳು. ಬಾಗಿಲು ಮುಚ್ಚುವಾಗ ರುಕ್ಮಿಣಿಬಾಯಿ ಇನ್ನೂ ನೆಲದ ಮೇಲೇ ಇದ್ದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ಸಂಜೆಯ ಹೊತ್ತಿಗೆ ಕ್ಲಾರಾ ಪೂರ್ತಿ ಉಸಿರಾಡುತ್ತಿದ್ದಳು. ಒಂದೆರಡು ದಿನ ಇಲ್ಲೇ ಇರಲಿ ಅಂದರು. ಬಸವಂತರಾಯ ತನ್ನ ಜೀಪಿನಲ್ಲಿ ಬಂದ. ಮುಖ ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ಜೀವಕ್ಕೆ ಅಪಾಯ ಇಲ್ಲ ಎಂದು ಕೇಳಿ ಬೆಂಚಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿ ಮಾತು ತೆಗೆದ.

"ಟೀಚರ್, ನಾಳೆ ಅಜಯಕುಮಾರ ಸಾಹೇಬ್ರು ಬರ್ತಾರ. ಹ್ಯಾಂಗಾತು ಅಂತ ಕೇಳ್ತಾರ. ನೀವೇನು ಹೇಳ್ತೀರಿ?"

"ನಡದದ್ದು ಹೇಳ್ತೇನ್ರಿ."

"ನಡದದ್ದಂದ್ರ ಏನ್ರಿ? ನೀವು ಬರೋಬ್ಬರಿ ಕಲಸೀರಿ, ಆಕಿ ಬರೋಬ್ಬರಿ ಕೇಳ್ಕೊಂಡಿಲ್ಲ. ಇಷ್ಟ. ಪಾತ್ರಿ ತಿಕ್ಕಾಕಿನ್ನ ತಂದು ಹಾಲಿಗೆ ಹಾಕಿದ್ದು ನಂದ ತಪ್ಪು. ಇವತ್ತ ತೆಗದುಹಾಕೇನಿ ಅಂತ ಹೇಳ್ಬಿಡ್ತೇನಿ. ನಿಮ್ಮ ಹೆಸರೂ ಉಳೀತದ, ಲಾಡ್ಜಿನ ಹೆಸರೂ ಉಳೀತದ."

ನಾಲ್ಕು ಲಾಡ್ಜುಗಳಲ್ಲಿ ಶುರುವಾಗಿದ್ದ ಅನುರಾಧಾಳ ಪಾಠ ಈಗ ಇದೊಂದರಲ್ಲೇ ಉಳಿದಿತ್ತು. ಅವಳ ಸುಮ್ಮನಿರುವಿಕೆಯನ್ನು ಒಪ್ಪಿಗೆ ಎಂದುಕೊಂಡು ಬಸವಂತರಾಯ ಅವಳಿಗೆ ಚಹಾ ತರಿಸಿದ. ಅವಳು ಅದನ್ನು ಕುಡಿದಳು. ಕುಡಿದದ್ದಕ್ಕೆ ರಾತ್ರಿಯೆಲ್ಲ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಕಲಬುರಗಿಯ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದವಳು ಬೆಳಿಗ್ಗೆ ಆಸ್ಪತ್ರೆಯಲ್ಲಿ ಕ್ಲಾರಾಳನ್ನು ನೋಡಿ, ರುಕ್ಮಿಣಿಬಾಯಿಯನ್ನು ವಿಚಾರಿಸಲು ಸಂತೋಷನಿಗೆ ಫೋನು ಮಾಡಿದಳು.

"ಆಕಿ ಇಲ್ರಿ ಅಕ್ಕೋರೆ. ಸೀರಿ ಮಡಚಿ ಗಲ್ಲಾದ ಮ್ಯಾಲ ಇಟ್ಟು ಹೋಗ್ಯಾಳ. ಅಡಗಿಮನ್ಯಾಗ ಮಂದಿ ಒಂದೊಂದು ನಮೂನಿ ಮಾತಾಡಿದ್ರು. ಪೊಲೀಸ್ರು ಬರ್ತಾರ, ವಿಷ ಹಾಕಿದ ಕೇಸು ಆಗ್ತದ ಅಂತ. ಫೋನೂ ಬಂದ್ ಅದ."

ಅಕ್ಕನ ಮನೆಗೆ ಹೋಗಿರಬಹುದೆಂದು ಅನುರಾಧಾ ಜೇವರ್ಗಿಯ ಬಸ್ಸು ಹತ್ತಿದಳು. ಭೀಮಾ ಸೇತುವೆ ದಾಟುವಾಗ ಬಸ್ಸಿನವರೆಲ್ಲ ಕಿಟಕಿಯಿಂದ ನೀರು ನೋಡಿದರು. ಅವಳಿಗೆ ನೋಡುವ ಧೈರ್ಯವಾಗಲಿಲ್ಲ. ಹೊಳೆಯ ಹತ್ತಿರದ ಊರಿನಲ್ಲಿ, ಹೆದರಿದ ಹೆಂಗಸೊಬ್ಬಳು ಫೋನು ಬಂದ್ ಮಾಡಿ ಹೋಗಿದ್ದಾಳೆ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಅಕ್ಕ ಸಕ್ಕುಬಾಯಿಯ ಮನೆ ಹುಡುಕಿಕೊಂಡು ಹೋದಾಗ ಬಾಗಿಲು ಒಳಗಿಂದ ಹಾಕಿತ್ತು. ಬಹಳ ಹೊತ್ತು ಬಡಿದ ಮೇಲೆ ಸಕ್ಕುಬಾಯಿ ಒಂದು ಕದ ಮಾತ್ರ ತೆಗೆದಳು.

"ಯಾರ್ರಿ? ಪೊಲೀಸ್ ಕಡಿಂದ ಬಂದೀರೇನು?"

"ಅಲ್ರಿ. ನಾ ಆಳಂದದ ಟೀಚರ್. ರುಕ್ಮಿಣಿಬಾಯಿಗೆ ಇಂಗ್ಲಿಷ್ ಕಲಸಾಕಿ."

ಸಕ್ಕುಬಾಯಿಯ ಮುಖ ಗಟ್ಟಿಯಾಯಿತು. "ನೀವೇನು? ಪಾತ್ರಿ ತಿಕ್ಕೊಂಡು ಆರಾಮ ಇದ್ಳು ನನ್ನ ತಂಗಿ. ನಿನ್ನಿಯಿಂದ ಒಂದು ತುತ್ತು ಉಂಡಿಲ್ಲ. ಕಲಸಿದ್ದು ಸಾಕು, ಹೋಗ್ರಿ."

ಒಳಗಿನ ಕತ್ತಲಿಂದ ದನಿ ಬಂತು. "ಬಿಡಕ್ಕ ಅವ್ರನ್ನ. ಮೇಡಂ ಇದ್ದಾಳೋ ಇಲ್ಲೋ ಕೇಳು."

"ಇದ್ದಾರ್ರಿ!" ಅನುರಾಧಾ ಹೊಸ್ತಿಲಿನಿಂದಲೇ ಕೂಗಿದಳು. "ಆರಾಮ ಅದಾರ. ಬೆಳಿಗ್ಗೆ ಗಂಜಿ ಕುಡದಾರ."

ರುಕ್ಮಿಣಿಬಾಯಿ ಹೊರಗೆ ಬಂದಳು. ಕಣ್ಣು ಬಾತಿದ್ದವು. ಗೋಡೆ ಹಿಡಿದು ನಿಂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಸಕ್ಕುಬಾಯಿ ಬಾಗಿಲಿನಿಂದ ಸರಿದು ಅನುರಾಧಾಳಿಗೆ ಒಳಗೆ ದಾರಿ ಬಿಟ್ಟಳು.

"ನನ್ನ ಜೋಡಿ ಕಲಬುರಗಿಗೆ ಬರ್ರಿ," ಅಂದಳು ಅನುರಾಧಾ. "ಇವತ್ತ ಅವರ ಸಾಹೇಬ್ರು ಬರ್ತಾರ. ನೀವಿಲ್ದಾಗ ನಿಮ್ಮ ಮ್ಯಾಲ ಹೇಳ್ತಾರ."

"ಹೇಳ್ಲಿ ಬಿಡ್ರಿ. ಖರೆನೇ ಅದಲ್ಲ. ತಿಳೀದ ಮಾತಿಗಿ ಹೂಂ ಅಂದಾಕಿ ನಾನ."

"ಹೂಂ ಅನ್ನು ಅಂತ ಹೇಳಿದಾಕಿ ನಾನು. ನೀವು ಕೇಳಿದ್ರಿ, ಬೋರ್ಡಿನ ಮ್ಯಾಲ ಅರ್ಧ ಬರದು ಒರಸಿದೆ. ಅದನ್ನ ನಾ ಹೇಳಬೇಕಂದ್ರ ನೀವು ಅಲ್ಲಿ ಇರಬೇಕು. ನೀವಿಲ್ದಿದ್ರ ನಂಗ ಧೈರ್ಯ ಸಾಲಂಗಿಲ್ರಿ. ಖರೆ ಹೇಳಾಕತ್ತೇನಿ."

ರುಕ್ಮಿಣಿಬಾಯಿ ಮುಖ ತೊಳೆಯಲು ಹೋದಳು. ಸಕ್ಕುಬಾಯಿ ಇಬ್ಬರಿಗೂ ರೊಟ್ಟಿ ಹಾಕಿದಳು, ಉಣ್ಣುವವರೆಗೆ ಬಾಗಿಲ ಹತ್ತಿರ ನಿಂತೇ ಇದ್ದಳು.

ಆಸ್ಪತ್ರೆಯ ಕೋಣೆಯಲ್ಲಿ ಅಜಯಕುಮಾರ ಕಿಟಕಿಯ ಹತ್ತಿರ ನಿಂತಿದ್ದ. ಬಸವಂತರಾಯ ಸೇಬಿನ ಚೀಲ ಹಿಡಿದು ಕೂತಿದ್ದ. ರುಕ್ಮಿಣಿಬಾಯಿಯನ್ನು ಕಂಡು ಎದ್ದು ನಿಂತ. "ಇಕಿನ್ನ ಯಾಕ ಕರ್ಕೊಂಡು ಬಂದ್ರಿ?" ಎಂದು ಹಲ್ಲು ಕಚ್ಚಿ ಕೇಳಿದ.

ಕ್ಲಾರಾ ದಿಂಬಿಗೆ ಆತು ಕೂತಿದ್ದಳು. ಮುಖ ಇನ್ನೂ ಊದಿತ್ತು. ಅನುರಾಧಾ ಅಂದುಕೊಂಡಂತೆ ಅವಳು ನಗಲಿಲ್ಲ, ಕೈ ಚಾಚಲಿಲ್ಲ. ರುಕ್ಮಿಣಿಬಾಯಿಯನ್ನು ನೇರವಾಗಿ ನೋಡಿ ಇಂಗ್ಲಿಷಿನಲ್ಲಿ ಕೇಳಿದಳು. "ನಾನು ನಿನ್ನನ್ನು ಎರಡು ಸಲ ಕೇಳಿದೆ. ನೀನು ಯಾಕೆ ಹಾಗಂದೆ?"

ಅನುರಾಧಾ ಕನ್ನಡಕ್ಕೆ ತಿರುಗಿಸಿ ಹೇಳಿದಳು. ಬಸವಂತರಾಯ ಪಕ್ಕದಿಂದ ಪಿಸುಗುಟ್ಟಿದ. "ಟೀಚರ್, ಆಕಿ ಏನರ ಅನ್ಲಿ, ಲಕ್ಷ್ಯ ಇರ್ಲಿಲ್ಲ, ಮಾಫಿ ಅಂತ ಹೇಳ್ರಿ."

ರುಕ್ಮಿಣಿಬಾಯಿ ಕೈ ಜೋಡಿಸಿದಳು. "ಆ ಮಾತು ನಂಗ ಗೊತ್ತಿರ್ಲಿಲ್ರಿ ಮೇಡಂ. ಗೊತ್ತಿಲ್ಲಂತ ಹೇಳಾಕ ಅಂಜಿದೆ. ಹಾಲಿನ ಕೆಲಸ ಹೋಗ್ತದ, ಮತ್ತ ಬಚ್ಚಲಕ್ಕ ಹಾಕ್ತಾರ ಅಂತ ಅಂಜಿದೆ. ನಿಮ್ಮ ಜೀವ ಹೋಗ್ತಿತ್ತು."

ಅನುರಾಧಾ ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಿರುಗಿಸಿದಳು. ಅಲ್ಲಿಗೇ ನಿಲ್ಲಿಸದೆ ತನ್ನ ಮಾತನ್ನೂ ಸೇರಿಸಿದಳು. ಗೊತ್ತಿಲ್ಲ ಎನ್ನಬಾರದು ಎಂಬುದು ಲಾಡ್ಜಿನ ನಿಯಮವಾಗಿತ್ತು. ಆ ನಿಯಮವನ್ನು ಹೇಳಿಕೊಟ್ಟವಳು ತಾನು. ಶೇಂಗಾಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ತಾನು ಒಂದು ದಿನವೂ ಕಲಿಸಿರಲಿಲ್ಲ. ಈ ಊರಿನ ಅಡುಗೆಯಲ್ಲಿ ಅದಿಲ್ಲದ ದಿನವಿಲ್ಲ, ಆದರೂ ಕಲಿಸಿರಲಿಲ್ಲ. ಇಷ್ಟನ್ನೂ ಹೇಳಿ ಮುಗಿಸಿದಳು. ಬಸವಂತರಾಯನಿಗೆ ತಿಳಿಯುವಷ್ಟು ಇಂಗ್ಲಿಷ್ ಬರುತ್ತಿತ್ತು.

"ಸರ್, ಸರ್," ಎಂದು ಅವನು ಅಜಯಕುಮಾರನ ಕಡೆ ತಿರುಗಿ ಇಂಗ್ಲಿಷಿನಲ್ಲೇ ಶುರು ಮಾಡಿದ. "ಆಕೆಯನ್ನು ಆಗಲೇ ಕೆಲಸದಿಂದ ತೆಗೆದಿದ್ದೇನೆ. ಇನ್ನು ಮುಂದೆ ಎಲ್ಲ ಸರಿಯಾಗಿರುತ್ತದೆ. ನೋ ಪ್ರಾಬ್ಲಂ ಅಟ್ ಆಲ್."

ಕ್ಲಾರಾ ದಿಂಬಿನಿಂದ ಎದ್ದು ಕೂತಳು. ಅವನ ದನಿಯನ್ನು ಮೊದಲ ಸಲ ಗಮನವಿಟ್ಟು ಕೇಳಿದಂತೆ ತಲೆ ವಾಲಿಸಿದಳು.

"ಫೋನಿನಲ್ಲಿ ಮಾತಾಡಿದ್ದು ನೀವು," ಅಂದಳು.

ಬಸವಂತರಾಯ ಅಜಯಕುಮಾರನ ಕಡೆ ನೋಡಿದ.

"ಇಲ್ಲಿಗೆ ಬರುವ ಮೊದಲು ನಾನೇ ಫೋನು ಮಾಡಿದ್ದೆ. ನಟ್ಸ್ ಇಲ್ಲದ ಊಟ ಬೇಕು, ಪೀನಟ್ ತಾಗಿದರೂ ಸಾಯುತ್ತೇನೆ ಅಂದಿದ್ದೆ. ನೋ ಪ್ರಾಬ್ಲಂ ಅಂದವರು ನೀವು. ಅದನ್ನು ಅಡುಗೆಯವರಿಗೆ ಹೇಳಿದ್ದಿರಾ?"

ಅಜಯಕುಮಾರ ಕನ್ನಡದಲ್ಲಿ ಕೇಳಿದ. "ಹೇಳಿದ್ರೇನ್ರಿ ಬಸವಂತರಾಯ ಅವ್ರೆ?"

ಬಸವಂತರಾಯನ ಕೈಯಲ್ಲಿದ್ದ ಸೇಬಿನ ಚೀಲ ಸರಸರ ಸದ್ದು ಮಾಡಿತು. "ನಟ್ಸ್ ಅಂದ್ರ ಗೋಡಂಬಿ, ಬದಾಮಿ ಅಂತ ತಿಳಕೊಂಡೆ ಸರ್. ನಮ್ಮ ಅಡಗ್ಯಾಗ ಅವೆಲ್ಲಿ ಹಾಕ್ತಾರ? ಇನ್ನೊಂದು ಮಾತು... ಅದು ತಿಳೀಲಿಲ್ರಿ."

ಅನುರಾಧಾ ಅದನ್ನೂ ಇಂಗ್ಲಿಷಿಗೆ ತಿರುಗಿಸಿದಳು.

ಕ್ಲಾರಾ ಮೆತ್ತಗಾಗಲಿಲ್ಲ. "ನನಗೆ ನಿಮ್ಮೆಲ್ಲರ ಮೇಲೂ ಸಿಟ್ಟಿದೆ," ಅಂದಳು. "ಅದು ಬೇಗ ಹೋಗುವುದಿಲ್ಲ. ನಿಮ್ಮ ಲಾಡ್ಜಿಗೆ ನಾನು ಮತ್ತೆ ಬರುವುದಿಲ್ಲ. ಆದರೆ ಇವಳನ್ನು ತೆಗೆದುಹಾಕಿದರೆ, ಇವಳ ಜಾಗಕ್ಕೆ ಬರುವವಳು ಇನ್ನೂ ಹೆಚ್ಚು ಹೆದರುತ್ತಾಳೆ. ಆಗ ಇನ್ನೊಬ್ಬರು ಸಾಯುತ್ತಾರೆ." ಆಮೇಲೆ ರುಕ್ಮಿಣಿಬಾಯಿಯತ್ತ ನೋಡಿ, ತನ್ನ ತೊಡೆಯನ್ನು ಮುಟ್ಟಿ ತೋರಿಸಿ, ನಿಧಾನವಾಗಿ ಅಂದಳು. "ನೀಲಿಗಟ್ಟಿದೆ. ಬಹಳ ಜೋರಾಗಿ ಒತ್ತಿದ್ದೀಯ. ಒಳ್ಳೆಯದಾಯಿತು."

ಅನುರಾಧಾ ಹೇಳುವ ಮೊದಲೇ ರುಕ್ಮಿಣಿಬಾಯಿಗೆ ತಿಳಿದಿತ್ತು.

ಆಸ್ಪತ್ರೆಯ ಗೇಟಿನಲ್ಲಿ ಬಸವಂತರಾಯ ಜೀಪಿನ ಬಾಗಿಲು ತೆಗೆದು ನಿಂತ. ಮುಖ ನೋಡದೆ ಅಂದ. "ನಡಿ. ಕೆಲಸಕ್ಕ ಬಾ. ಹಾಲಿನ್ಯಾಗೇ ಇರು."

ರುಕ್ಮಿಣಿಬಾಯಿ ಹತ್ತಲಿಲ್ಲ.

"ಸಾವಕಾರ್ರ, ಅಡಗಿಮನ್ಯಾಗ ಎಲ್ಲಾರೂ ನಾ ವಿಷ ಹಾಕಿದಾಕಿ ಅಂತ ಮಾತಾಡ್ಯಾರ. ಆ ಬಾಯಿ ನೋಡಕೋತ ನಾ ಹ್ಯಾಂಗ ಅಲ್ಲಿ ತಿರುಗಾಡಲಿ? ಫೋನಿನ್ಯಾಗ ಮೊದ್ಲು ಅಂದವ್ರು ನೀವು. ಅದನ್ನ ಅವ್ರ ಮುಂದ ನೀವ ಹೇಳ್ರಿ. ಆಮ್ಯಾಲ ಬರ್ತೇನಿ."

"ಆಳುಮಂದಿ ಮುಂದ ನಾ ತಪ್ಪು ಒಪ್ಪಕೋಬೇಕೇನು?" ಅವನ ದನಿ ಏರಿತು. ಚಹಾ ಅಂಗಡಿಯವರು ತಿರುಗಿ ನೋಡಿದರು. ರುಕ್ಮಿಣಿಬಾಯಿ ಜೇವರ್ಗಿಯ ಬಸ್ಸಿನ ಕಡೆ ನಡೆದಳು. ಜೀಪು ಧೂಳೆಬ್ಬಿಸಿ ಹೋಯಿತು.

ಮುಂದಿನ ಪಾಠದ ದಿನ ಬರಬೇಕೋ ಬೇಡವೋ ಎಂದು ಅನುರಾಧಾಳಿಗೆ ಯಾರೂ ಹೇಳಲಿಲ್ಲ. ಬಂದಳು. ಅಜಯಕುಮಾರನ ತಂಡ ಕೋಣೆ ಖಾಲಿ ಮಾಡಿ ಕಲಬುರಗಿಗೆ ಹೋಗಿತ್ತು. ಮೇಲಿನ ಮಹಡಿಯ ಬಾಗಿಲುಗಳೆಲ್ಲ ತೆರೆದು ಬಿದ್ದಿದ್ದವು. ಗಲ್ಲಾದಲ್ಲಿ ಬಸವಂತರಾಯ ಕೂತಿದ್ದ, ಅವಳ ನಮಸ್ಕಾರಕ್ಕೆ ತಲೆ ಎತ್ತಲಿಲ್ಲ. ಅವಳು ಕುರ್ಚಿ ಎಳೆದಳು, ಸಂತೋಷ ಮತ್ತಿಬ್ಬರು ಬಂದು ಕೂತರು. ಪಾಠಕ್ಕೆ ಎಂದೂ ಬಾರದ ಕಾಶಿಬಾಯಿ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ಪಾಠ ಶುರುವಾಗುವ ಮುಂಚೆ ಗಲ್ಲಾದ ಕುರ್ಚಿ ಸರಿದ ಸದ್ದಾಯಿತು. ಬಸವಂತರಾಯ ಎದ್ದು ಬಂದು ಹಾಲಿನ ನಡುವೆ ನಿಂತ. ಈಗ ಪಾಠ ನಿಲ್ಲಿಸು ಅನ್ನುತ್ತಾನೆ ಎಂದು ಅನುರಾಧಾ ಚೀಲದ ಹಿಡಿಕೆ ಹಿಡಿದಳು.

"ಕೇಳ್ರಿ ಇಲ್ಲಿ," ಅಂದ. ನೆಲ ನೋಡುತ್ತಿದ್ದ. "ಆ ಮೇಡಂ ನನಗ ಮೊದಲ ಫೋನಿನ್ಯಾಗ ಹೇಳಿದ್ರು. ನನಗ ತಿಳೀಲಿಲ್ಲ. ತಿಳದಂಗ ಮಾತಾಡಿ ಫೋನ್ ಇಟ್ಟೆ. ಅಡಗಿಮನಿಗಿ ಹೇಳಲಿಲ್ಲ. ರುಕ್ಮಿಣಿ ಮ್ಯಾಲ ಯಾರೂ ಖಾಲಿಪೀಲಿ ಮಾತಾಡಬ್ಯಾಡ್ರಿ." ದಾರಿಗೆ ಅಡ್ಡವಿದ್ದ ಕುರ್ಚಿಯನ್ನು ಸರಿಸಿದ. "ಆಯ್ತು ಮತ್ತ," ಎಂದು ತಿರುಗಿದ.

"ಸಾವಕಾರ್ರ," ಕಾಶಿಬಾಯಿ ಬಾಗಿಲಿನಿಂದಲೇ ಕರೆದಳು. "ಇಲ್ಲಿ ಗ್ವಾಡಿಗಿ ಹೇಳಿದ್ರ ಆಕಿಗಿ ಹ್ಯಾಂಗ ಕೇಳಸ್ಬೇಕ್ರಿ? ಆಕಿ ಜೇವರ್ಗ್ಯಾಗ ಕುಂತಾಳ."

ಬಸವಂತರಾಯ ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ ಗೂಟದಲ್ಲಿದ್ದ ಜೀಪಿನ ಬೀಗದಕೈ ಕಿತ್ತುಕೊಂಡು ಹೊರಗೆ ನಡೆದ. ಯಾರನ್ನೂ ಜೊತೆಗೆ ಕರೆಯಲಿಲ್ಲ.

ಆಳಂದದ ಕೊನೆಯ ಬಸ್ಸಿಗೇ ಹೋದರಾಯಿತೆಂದು ಅನುರಾಧಾ ಅದಕ್ಕೂ ಮೊದಲಿನ ಬಸ್ಸನ್ನು ಬಿಟ್ಟಳು. ಹೊತ್ತು ಇಳಿಯುತ್ತಿತ್ತು. ಜೀಪು ಬಂದು ನಿಂತಾಗ ಎಲ್ಲರೂ ಗಾಜಿನ ಬಾಗಿಲಿಗೆ ಬಂದರು. ಮುಂದಿನ ಸೀಟಿನಲ್ಲಿ ಬಸವಂತರಾಯನ ಪಕ್ಕ ಸಕ್ಕುಬಾಯಿ ಕೂತಿದ್ದಳು, ತಂಗಿಯನ್ನು ತಾನೇ ಬಿಟ್ಟುಹೋಗಲು ಬಂದವಳು. ರುಕ್ಮಿಣಿಬಾಯಿ ಹಿಂದಿನಿಂದ ಇಳಿದಳು. ಹಾಲಿನಲ್ಲಿ ನಿಲ್ಲದೆ, ನೇರ ಅಡುಗೆಮನೆಗೆ ಹೋಗಿ ಕೈ ತೊಳೆದುಕೊಂಡಳು. ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ಎತ್ತಿದಳು.

"ಕಾಶವ್ವ," ಅಂದಳು, "ಇದಕ್ಕ ಏನೇನು ಹಾಕೀ, ಎಲ್ಲಾ ಹೇಳು."